ಮೂವತ್ತೊಂದನೇ ಅಧ್ಯಾಯಕ್ಕೆ ನಾನು ಹೊಣೆ

ಸರ್ರ್, ಚಕ್! ಈ ಸದ್ದು ಅರುವತ್ತು ವರ್ಷಗಳಿಂದ ನನ್ನ ಕಿವಿಯಲ್ಲಿ ಬಾಡಿಗೆ ಕೊಡದೆ ಕೂತಿದೆ. ಮುಂಬೈ ಹತ್ತಿರದ ಕಲ್ಯಾಣದ ರೈಲ್ವೆ ಕ್ವಾರ್ಟರ್ಸಿನಿಂದ ಹತ್ತು ನಿಮಿಷ ನಡೆದರೆ ನಮ್ಮ ಕಾನ್ವೆಂಟು. ಅಲ್ಲಿ ಸಿಸ್ಟರ್ ಬೆನೆಡಿಕ್ಟಾ ನಮ್ಮ ಕಾಂಪೊಸಿಷನ್ ಪುಸ್ತಕಗಳನ್ನು ಕ್ಲಾಸಿನಲ್ಲೇ ತಿದ್ದುತ್ತಿದ್ದರು. ಅಷ್ಟು ಹೊತ್ತೂ ನಾವು ನಲವತ್ತು ಹುಡುಗಿಯರು ತಲೆ ತಗ್ಗಿಸಿ ಕೂತಿರಬೇಕು. ಕತ್ತೆತ್ತುವ ಹಾಗಿರಲಿಲ್ಲ, ಆದರೆ ಕಿವಿಗೆ ಯಾವ ರೂಲೂ ಇರಲಿಲ್ಲವಲ್ಲ! ಕೆಂಪು ಪೆನ್ಸಿಲ್ಲಿನ ಸದ್ದಿನಿಂದಲೇ ಯಾರಿಗೆ ಎಷ್ಟು ಮಾರ್ಕು ಎಂದು ಲೆಕ್ಕ ಹಾಕುತ್ತಿದ್ದೆವು. ಒಂದೇ ಎಳೆಯಲ್ಲಿ ಸುತ್ತಿಕೊಂಡು ನಿಂತರೆ ಆರು. ಎಳೆದು, ಪೆನ್ಸಿಲ್ ಎತ್ತಿ, ಮೇಲೊಂದು ಟೋಪಿ ಇಟ್ಟರೆ ಐದು. ಅಡ್ಡಕ್ಕೆ ಸರ್ರ್, ಕೆಳಕ್ಕೆ ಚಕ್ ಎಂದರೆ ಏಳು. ಎಂಟರ ಸದ್ದು ಹೇಗಿರುತ್ತದೆ ಎಂದು ನಮ್ಮ ಬ್ಯಾಚಿನ ಯಾವ ಹುಡುಗಿಯನ್ನು ಕೇಳಿದರೂ ಹೇಳಲಾರಳು, ಯಾಕೆಂದರೆ ಸಿಸ್ಟರ್ ಯಾರಿಗೂ ಎಂಟು ಕೊಟ್ಟವರಲ್ಲ. ನನಗೆ ಇಡೀ ಸ್ಕೂಲ್ ಲೈಫಿನಲ್ಲಿ ಎರಡು ಸಲ ಏಳು ಬಂದಿತ್ತು. ಮೊದಲ ಸಲ ಅಮ್ಮ ಶಾವಿಗೆ ಪಾಯಸ ಮಾಡಿದಳು. ಅಪ್ಪ ಪಾಯಸ ಕುಡಿದು, ಬಾಯಿ ಒರೆಸಿಕೊಂಡು, "ಉಳಿದ ಮೂರು ಎಲ್ಲಿ ಬೀಳಿಸಿಕೊಂಡು ಬಂದೆ?" ಎಂದು ಕೇಳಿದರು.

ಅಂದಿನಿಂದ ನನಗೊಂದು ಗುಟ್ಟಿನ ಚಟ ಅಂಟಿಕೊಂಡಿತು. ಕಂಡದ್ದಕ್ಕೆಲ್ಲ ಮನಸ್ಸಿನಲ್ಲೇ ಹತ್ತಕ್ಕೆ ಇಷ್ಟು ಎಂದು ಮಾರ್ಕು ಹಾಕುತ್ತೇನೆ. ಡೊಂಬಿವಲಿ ಮಾರ್ಕೆಟ್ಟಿನ ಮೆಂತ್ಯ ಸೊಪ್ಪಿಗೆ ಐದು, ನಮ್ಮ ಸೊಸೈಟಿಯ ಲಿಫ್ಟಿಗೆ ಎರಡು. ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಫ್ಯಾಕ್ಟರಿ ಆಫೀಸಿನಲ್ಲಿ ಮೂವತ್ತು ವರ್ಷ ಸ್ಟೆನೋ ಆಗಿದ್ದೆ. ಅಲ್ಲಿ ಬಂದುಹೋದ ಮ್ಯಾನೇಜರುಗಳಲ್ಲಿ ಆರು ದಾಟಿದವರು ಒಬ್ಬರೂ ಇಲ್ಲ. ನನ್ನ ಯಜಮಾನರಿಗೆ ಮದುವೆಯಾದ ವರ್ಷ ಆರು ಕೊಟ್ಟಿದ್ದೆ. ಹೋಗುವ ಹೊತ್ತಿಗೆ, ಪಾಪ, ಏಳು ಮುಟ್ಟಿಸಿದ್ದರು. ಅವರಿಗೆ ಅದನ್ನು ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಲೆಕ್ಕದಲ್ಲಿ ಏಳು ಎಂದರೆ ಎಷ್ಟು ದೊಡ್ಡದು ಎಂದು ಮೊದಲೇ ಹೇಳಿಬಿಟ್ಟರೆ ಮುಂದೆ ನಾನು ಮಾಡಿಕೊಂಡ ಎಡವಟ್ಟು ನಿಮಗೆ ಅರ್ಥವಾದೀತು ಎಂದು ಇಷ್ಟು ಪೀಠಿಕೆ ಹಾಕಿದೆ.

ನಮ್ಮದೊಂದು ಓದುವ ಬಳಗವಿದೆ. ಒಂಬತ್ತು ಜನ ಹೆಂಗಸರು, ಕಿರಿಯವಳಿಗೆ ಐವತ್ತೆಂಟು. ಪ್ರತಿ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಡೊಂಬಿವಲಿ ಸ್ಟೇಷನ್ ಹತ್ತಿರದ ಜಲಜಕ್ಕನ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಸೇರುತ್ತೇವೆ. ಊಟದ ಗಿರಾಕಿ ಮುಗಿದು ಸಂಜೆಯ ಗಿರಾಕಿ ಬರುವ ತನಕ ಆ ರೂಮು ಖಾಲಿ. ನಲವತ್ತು ವರ್ಷಗಳಿಂದ ಗಂಡನ ಜೊತೆ ಆ ಹೋಟೆಲು ನಡೆಸುತ್ತಿರುವ ಜಲಜಕ್ಕ ಉಡುಪಿ ಕಡೆಯವಳು. ಓದಿದ್ದು ನಾಲ್ಕನೇ ಕ್ಲಾಸು. ಬಳಗದಲ್ಲಿ ಅವಳ ಪಾತ್ರ ಕಾಫಿ ಕಳಿಸುವುದು, ಬಾಗಿಲ ಹತ್ತಿರ ನಿಂತು ಕೇಳುವುದು. "ನಂಗೆಂತ ಓದ್ಲಿಕ್ಕೆ ಬರ್ತದೆ ಮಾರಾಯ್ರೆ, ಮೆನು ಬೋರ್ಡ್ ಬಿಟ್ಟು ಬೇರೆ ಓದಿ ಐವತ್ತು ವರ್ಷ ಆಯ್ತು" ಎನ್ನುತ್ತಿದ್ದಳು.

ಈ ಬಳಗಕ್ಕೆ ಒಂದು ಕಟ್ಟಳೆ ಇದೆ. ಒಂದು ಪುಸ್ತಕವನ್ನು "ಓದಿ, ಚೆನ್ನಾಗಿದೆ" ಎಂದು ಶಿಫಾರಸು ಮಾಡಿದವಳು ಅದಕ್ಕೆ ಹೊಣೆ. ಹೊಣೆ ಎಂದರೆ ಬರೀ ಮಾತಲ್ಲ, ಅದಕ್ಕೊಂದು ಸ್ಟೂಲೇ ಇದೆ. ಅಡುಗೆಮನೆಯಿಂದ ತಂದ ಸ್ಟೀಲಿನ ಸ್ಟೂಲು, ಒಂದು ಕಾಲು ಗಿಡ್ಡ. ಉಳಿದವರು ಮೆತ್ತನೆಯ ಸೋಫಾದಲ್ಲಿ ಕೂತರೆ ಹೊಣೆಗಾರ್ತಿ ಅವರೆದುರು ಈ ಸ್ಟೂಲಿನ ಮೇಲೆ. ಕೊನೆಯ ಸದಸ್ಯೆ "ಮುಗಿಸಿದೆ" ಎನ್ನುವ ತನಕ ಇಳಿಯುವ ಹಾಗಿಲ್ಲ. ಈ ಕಟ್ಟಳೆ ತಂದವರು ಧಾರವಾಡದ ಇಂದುಬಾಯಿ, ನಿವೃತ್ತ ಹೆಡ್‌ಮಿಸ್ಟ್ರೆಸ್. ಅದಕ್ಕೆ ಮೊದಲ ಬಲಿಯೂ ಅವರೇ. ಒಂಬೈನೂರು ಪುಟದ ಒಂದು ಘನವಾದ ಕಾದಂಬರಿಗೆ ಹೊಣೆ ನಿಂತು, ಗಣೇಶ ಚೌತಿಗೆ ಸ್ಟೂಲು ಹತ್ತಿದವರು ಸಂಕ್ರಾಂತಿಗೆ ಇಳಿದರು. ಇಳಿದ ಮೇಲೆ ಮೂರು ವಾರ ಫಿಸಿಯೋಥೆರಪಿ.

ಇಂಥ ಸ್ಟೂಲನ್ನು ನಾನಾಗಿ ಹತ್ತಲು ಕಾರಣ ನನ್ನ ಮಗಳ ಮಗಳು ಇರಾ. ಠಾಣೆಯಲ್ಲಿರುತ್ತಾಳೆ, ಹದಿನಾರು ವರ್ಷ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಾಳೆ, ಬೈದರೆ ಮರಾಠಿಯಲ್ಲಿ. ಒಮ್ಮೆ ನನ್ನ ಫೋನಿಗೆ ಕತೆಗಳ ಆ್ಯಪ್ ಒಂದನ್ನು ಹಾಕಿಕೊಟ್ಟಳು. ನನಗೆ ಇಷ್ಟವಾದ ಎರಡು ಹೆಸರುಗಳನ್ನು ಅದರಲ್ಲಿ ಟೈಪ್ ಮಾಡಿ ನೋಡಿದೆ. ಒಂದು, ಕಾನ್ವೆಂಟ್ ಲೈಬ್ರರಿಯಲ್ಲಿ ಕದ್ದು ಓದುತ್ತಿದ್ದ ಇಂಗ್ಲಿಷ್ ಪತ್ತೇದಾರ ಇನ್‌ಸ್ಪೆಕ್ಟರ್ ಡನ್‌ಮಾಲೋ: ಕೋಟಿನ ಗುಂಡಿ ಬಿಚ್ಚದವ, ಜನ್ಮದಲ್ಲಿ ಒಂದೂ ಸುಳ್ಳು ಹೇಳದವ. ಇನ್ನೊಂದು, ಹತ್ತು ವರ್ಷದಿಂದ ಟಿವಿಯಲ್ಲಿ ಹರಿಯುತ್ತಿರುವ 'ಏಳು ಸೊಸೆಯರ ಮನೆ' ಎಂಬ ಕನ್ನಡ ಸೀರಿಯಲ್ಲು. ಆ ಮನೆಯ ಅತ್ತೆ ಭಾಗೀರಥಮ್ಮ ಹುಬ್ಬು ಏರಿಸಿದರೆ ಎಪಿಸೋಡು ಮುಗಿಯುತ್ತದೆ, ಇಳಿಸಿದರೆ ಮರುದಿನದ್ದು ಶುರುವಾಗುತ್ತದೆ. ಟೈಪ್ ಮಾಡಿದರೆ ಏನು ಬರಬೇಕು? ಇಬ್ಬರೂ ಒಂದೇ ಕತೆಯಲ್ಲಿ!

"ಅಜ್ಜಿ, ಫ್ಯಾನ್ ಫಿಕ್ಷನ್ ಹೈ. ಲೋಗ್ ಅಪನೇ ಫೇವರಿಟ್ ಕ್ಯಾರೆಕ್ಟರ್ ಪೆ ಖುದ್ ಲಿಖ್ತೇ ಹೈ. ಔರ್ ದೋ ಅಲಗ್ ದುನಿಯಾ ಮಿಲಾಯಾ ತೋ ಕ್ರಾಸ್‌ಓವರ್," ಎಂದಳು ಇರಾ. ಮೆಚ್ಚಿನ ಪಾತ್ರಗಳ ಮೇಲೆ ಅಭಿಮಾನಿಗಳೇ ಬರೆಯುವ ಕತೆಯಂತೆ, ಎರಡು ಬೇರೆ ಲೋಕ ಬೆರೆಸಿದರೆ ಕ್ರಾಸ್‌ಓವರ್ ಅಂತೆ.

ಫ್ರ್ಯಾಂಕ್ಲಿ, ಅದರಲ್ಲಿ ಬಹುಪಾಲು ಹೊಟ್ಟು. ಒಂದರಲ್ಲಿ ಡನ್‌ಮಾಲೋ ಮೂರನೇ ಸೊಸೆಯನ್ನು ಪ್ರೀತಿಸಿ ಗಡ್ಡ ಬಿಡುತ್ತಾನೆ. ಇನ್ನೊಂದರಲ್ಲಿ ಭಾಗೀರಥಮ್ಮ ಲಂಡನ್ನಿಗೆ ಹೋಗಿ ಜೀನ್ಸ್ ಹಾಕುತ್ತಾಳೆ. ಎರಡು, ಮೂರು, ಒಂದು ಎಂದು ಮಾರ್ಕು ಹಾಕುತ್ತಾ ಹೋದವಳು ಒಂದು ಕಡೆ ನಿಂತುಬಿಟ್ಟೆ. ಬರೆದವರ ಹೆಸರು 'ಚೌಥಿ ಸೀಟ್' ಎಂದಿತ್ತು. ಮುಂಬೈಯ ಲೋಕಲ್ ರೈಲಿನಲ್ಲಿ ಮೂವರು ಕೂರುವ ಸೀಟಿನ ಅಂಚಿಗೆ ನಾಲ್ಕನೆಯವರು ಅರ್ಧ ಕೂತು ಅರ್ಧ ನೇತಾಡುತ್ತಾರಲ್ಲ, ಅದು. ವಾರಕ್ಕೊಂದು ಅಧ್ಯಾಯದಂತೆ ಇನ್ನೂ ಬರುತ್ತಿದ್ದ ಆ ಕತೆಯಲ್ಲಿ ಭಾಗೀರಥಮ್ಮನ ತಲೆತಲಾಂತರದ ವಂಕಿ ಕಾಣೆಯಾಗಿದೆ. ಡನ್‌ಮಾಲೋ ಬರುತ್ತಾನೆ. ಹೊಸಿಲ ಹೊರಗೆ ಬೂಟು ಬಿಚ್ಚುತ್ತಾನೆ, ಕೋಟು ಬಿಚ್ಚುವುದಿಲ್ಲ. ಏಳು ಸೊಸೆಯರು ಏಳು ಲೋಟ ಸಾರು ತಂದಿಡುತ್ತಾರೆ. ಅವನು ಏಳನ್ನೂ ಕುಡಿದು, ಯಾವ ಸಾರಿಗೆ ಯಾರು ಅಳುತ್ತಾ ಒಗ್ಗರಣೆ ಹಾಕಿದರು ಎಂದು ಹೇಳುತ್ತಾನೆ. ಅವನು ಅವನೇ ಆಗಿದ್ದ, ಅವಳು ಅವಳೇ ಆಗಿದ್ದಳು. ಅನ್ಯರ ಮನೆಗೆ ಹೋದ ಅತಿಥಿ ಬೂಟು ಬಿಡಬೇಕು, ಗುಣ ಬಿಡಬಾರದು. ಕ್ರಾಸ್‌ಓವರ್ ಬರೆಯುವವರಿಗೆ ನಾನು ಹೇಳುವುದು ಇಷ್ಟೇ. ಇದನ್ನು ಅಷ್ಟು ಚೆನ್ನಾಗಿ ತಿಳಿದ ಬರಹಗಾರನನ್ನು ನಾನು ಬೇರೆ ಕಂಡಿಲ್ಲ.

ಮುಂದಿನ ಮಂಗಳವಾರವೇ ಬಳಗದಲ್ಲಿ ಎದ್ದು ನಿಂತು ಶಿಫಾರಸು ಮಾಡಿದೆ. ಇಂದುಬಾಯಿಯವರ ಕನ್ನಡಕ ಮೂಗಿನ ತುದಿಗೆ ಇಳಿಯಿತು.

"ಲೀಲಾಬಾಯಾರ, ಮಂದಿ ಮನ್ಯಾಗಿನ ಮಂದೀನ ಕರಕೊಂಡ್ ಬಂದು ತನ್ನ ಕತಿ ಅನ್ನೂದಂದ್ರ ಏನ್ರೀ ಅದು? ಕಳವು ಅಂತಾರ ಅದಕ್ಕ ನಮ್ ಕಡೆ."

"ಕಳವಲ್ಲ, ಇಂದುಬಾಯಿ. ಅಭಿಮಾನ. ಇಟ್ ಈಸ್ ಲವ್."

"ಕಳ್ಳರೂ ಹಂಗ ಅಂತಾರ್ರಿ."

ಬಾಗಿಲ ಹತ್ತಿರದಿಂದ ಜಲಜಕ್ಕ ಕೇಳಿದಳು. "ಅಂದ್ರೆ ಇದು ಶೇಜ್ವಾನ್ ದೋಸೆಯ ಹಾಗೆ ಅಲ್ವಾ? ದೋಸೆಯೂ ನಮ್ಮದು ಮಾಡಿದ್ದಲ್ಲ, ಅಜ್ಜಿಯಂದಿರದ್ದು. ಶೇಜ್ವಾನ್ ಚೀನಾದವ್ರದ್ದು. ಸೇರ್ಸಿದ್ದು ಮಾತ್ರ ನಾವು. ಸರಿ ಮಾಡಿದ್ರೆ ಜನ ಬೆರಳು ನೆಕ್ತಾರೆ. ಕಳವು ಅಂತ ಯಾರೂ ಹೇಳ್ಲಿಲ್ಲಪ್ಪ."

ಆ ಹೋಟೆಲಿನ ಶೇಜ್ವಾನ್ ದೋಸೆಯನ್ನು ವಾರಕ್ಕೊಮ್ಮೆ ತಪ್ಪದೆ ತಿನ್ನುವ ಇಂದುಬಾಯಿ ಕನ್ನಡಕವನ್ನು ಮತ್ತೆ ಮೇಲಕ್ಕೆ ತಳ್ಳಿಕೊಂಡರು. ನಾನು ಸ್ಟೂಲು ಹತ್ತಿದೆ.

ಮೊದಲ ಅಧ್ಯಾಯ ಗಟ್ಟಿಯಾಗಿ ಓದಿದೆ. ಸಾರಿನ ಪ್ರಸಂಗಕ್ಕೆ ಬರುವಾಗ ಜಲಜಕ್ಕ ಬಾಗಿಲು ಬಿಟ್ಟು ಸೋಫಾದ ಅಂಚಿಗೆ ಬಂದಿದ್ದಳು. ಆರನೇ ಅಧ್ಯಾಯಕ್ಕೆ ಎಲ್ಲರ ಫೋನಿನಲ್ಲೂ ಆ ಆ್ಯಪ್. ಇಂದುಬಾಯಿ "ನಾ ಬರೇ ತಪ್ಪ ಹುಡುಕಾಕ ಓದೂದು" ಎನ್ನುತ್ತಲೇ ನಮಗಿಂತ ಎರಡು ಅಧ್ಯಾಯ ಮುಂದಿದ್ದರು. ಹತ್ತನೆಯದರ ಹೊತ್ತಿಗೆ ಒಂದು ಮಂಗಳವಾರ ಜಲಜಕ್ಕ ಸೆರಗಿನ ಮರೆಯಿಂದ ಹೊಸ ಕನ್ನಡಕ ತೆಗೆದಳು. ಫೋನಿನ ಅಕ್ಷರವನ್ನು ಕಡಲೆಬೀಜದಷ್ಟು ದೊಡ್ಡದು ಮಾಡಿಕೊಂಡು, ಬೆರಳಿಟ್ಟು, ಒಂದೊಂದೇ ಪದ ಓದತೊಡಗಿದ್ದಳು. ಒಂದು ಅಧ್ಯಾಯಕ್ಕೆ ಅವಳಿಗೆ ಎರಡು ದಿನ ಬೇಕಿತ್ತು. "ನಾನು ಸ್ವಂತ ಓದಿದ್ದು ಗೊತ್ತುಂಟಾ!" ಎಂದು ಅವಳು ಹೇಳಿದ ದಿನ ನನಗೆ ಆ ಗಿಡ್ಡ ಕಾಲಿನ ಸ್ಟೂಲು ಸಿಂಹಾಸನದಂತೆ ಕಂಡಿತು.

ಹೀಗೆ ಮೂವತ್ತೊಂದನೇ ಅಧ್ಯಾಯ ಬಂತು. ಡನ್‌ಮಾಲೋ ಎಲ್ಲರನ್ನೂ ಹಜಾರದಲ್ಲಿ ಸೇರಿಸುತ್ತಾನೆ. ಗಂಟಲು ಸರಿಮಾಡಿಕೊಂಡು "ವಂಕಿ ತೆಗೆದವರು ಈ ಹಜಾರದಲ್ಲೇ ಇದ್ದಾರೆ" ಎನ್ನುತ್ತಾನೆ. ಭಾಗೀರಥಮ್ಮ ಹುಬ್ಬು ಏರಿಸುತ್ತಾಳೆ. ಉಳಿದದ್ದು ಮುಂದಿನ ವಾರ. ಓದಿ ಮುಗಿಸಿದವಳ ಎದೆ ತುಂಬಿಬಂದಿತ್ತು. ಕೆಳಗೆ ಅಭಿಪ್ರಾಯ ಬರೆಯುವ ಜಾಗವಿತ್ತು. ಒಬ್ಬ ಬರಹಗಾರನಿಗೆ ನಾನು ಕೊಡಬಹುದಾದ ಅತಿ ದೊಡ್ಡ ಗೌರವವನ್ನು, ಗಂಡನಿಗೂ ಬಾಯಿಬಿಟ್ಟು ಹೇಳದಿದ್ದ ಅಂಕವನ್ನು, ಆ ದಿನ ಟೈಪ್ ಮಾಡಿದೆ: "ಹತ್ತಕ್ಕೆ ಏಳು. ಪ್ರಾಮಿಸಿಂಗ್."

ಮುಂದಿನ ವಾರ ಅಧ್ಯಾಯ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನಾಲ್ಕನೇ ವಾರ ಇರಾ ಬಂದಾಗ ಫೋನು ತೋರಿಸಿದೆ. ಅವಳು ಕೆಳಗೆ ಜಾರಿಸಿ ನೋಡಿ ಕಿರುಚಿದಳು. "ಅಜ್ಜಿ! ಸೆವೆನ್?! ಯೆ ತುಮನೇ ಲಿಖಾ? ಇಧರ್ ಸಬ್ ಲೋಗ್ ಹಂಡ್ರೆಡ್ ಔಟ್ ಆಫ್ ಟೆನ್ ದೇತೇ ಹೈ! ಸೆವೆನ್ ಮತ್ಲಬ್ ಇನ್ಸಲ್ಟ್ ಹೈ, ಅಜ್ಜಿ. ಬಿಚಾರಾ ಲಿಖನಾ ಛೋಡ್ ದಿಯಾ!"

ಅಲ್ಲಿ ಎಲ್ಲರೂ ಹತ್ತಕ್ಕೆ ನೂರು ಕೊಡುತ್ತಾರಂತೆ, ಏಳು ಎಂದರೆ ಅವಮಾನವಂತೆ, ಪಾಪ ಬರೆಯುವುದನ್ನೇ ಬಿಟ್ಟನಂತೆ. ನಾನು ಉಳಿದ ಅಭಿಪ್ರಾಯಗಳನ್ನು ಅದುವರೆಗೆ ನೋಡಿಯೇ ಇರಲಿಲ್ಲ. ನೋಡಿದೆ. ಹೂವು, ಹೃದಯ, ಬೆಂಕಿ, ಚಪ್ಪಾಳೆ, ಕಣ್ಣೀರು. ಅವುಗಳ ಕಟ್ಟಕಡೆಗೆ, ಹಬ್ಬದ ಮನೆಗೆ ಬಂದ ಇನ್‌ಕಮ್ ಟ್ಯಾಕ್ಸಿನವನಂತೆ, ನನ್ನ ಏಳು. ಅದರ ನಂತರ ಮೌನ. "ಡಿಲೀಟ್ ಮಾಡು" ಎಂದೆ. "ಉಸಕೋ ನೋಟಿಫಿಕೇಷನ್ ತೋ ಕಬ್ಕಾ ಗಯಾ," ಎಂದಳು ಇರಾ, ವೈದ್ಯರ ದನಿಯಲ್ಲಿ. ಸುದ್ದಿ ಅವನಿಗೆ ಎಂದೋ ಮುಟ್ಟಿಯಾಗಿತ್ತು.

ಮಂಗಳವಾರಗಳು ಭಯಂಕರವಾದವು. ಎಂಟು ಜನ ಸೋಫಾದಿಂದ ನನ್ನನ್ನೇ ನೋಡುವರು. "ಮುಗೀಲಾರದ್ದಕ್ಕ ಹೊಣಿ ನಿಂತ್ರೆಲಾ ಲೀಲಾಬಾಯಾರ, ನನ್ನ ಒಂಬೈನೂರು ಪುಟ ಕಡೀಕೆ ಮುಗದರ ಮುಗೀತು" ಎಂದರು ಇಂದುಬಾಯಿ, ಎಷ್ಟೋ ವರ್ಷದ ಬೆನ್ನುನೋವನ್ನು ಆ ಒಂದು ಮಾತಿನಲ್ಲಿ ವಸೂಲು ಮಾಡಿಕೊಂಡು. ಅದನ್ನು ತಡೆದುಕೊಂಡೆ. ತಡೆಯಲಾಗದ್ದು ಜಲಜಕ್ಕನ ಮಾತು. "ನಿಮ್ಮನ್ನು ನಂಬಿ ಓದ್ಲಿಕ್ಕೆ ಶುರು ಮಾಡಿದ್ದು ಲೀಲಕ್ಕ. ಊಟಕ್ಕೆ ಕೂರ್ಸಿ, ಸಾರು ಬಡ್ಸಿ, ಅನ್ನ ಇಲ್ಲ ಅಂದ ಹಾಗೆ ಆಯ್ತು. ಇನ್ನು ನಾನು ಬೇರೆ ಪುಸ್ತಕ ಮುಟ್ಟುದಿಲ್ಲ, ಹೇಳಿ ಆಯ್ತು." ಬೇರೆ ಎಷ್ಟು ಒಳ್ಳೆಯ ಪುಸ್ತಕ ತಂದುಕೊಟ್ಟರೂ ತಿರುಗಿ ನೋಡಲಿಲ್ಲ. ಐವತ್ತು ವರ್ಷಗಳ ನಂತರ ಓದಲು ಕೂತ ಹೆಂಗಸಿನ ಕೈಯಿಂದ ಪುಸ್ತಕ ಕಿತ್ತುಕೊಂಡದ್ದು ನನ್ನ ಏಳು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಕಾನ್ವೆಂಟಿನಲ್ಲಿ ತಪ್ಪೊಪ್ಪಿಗೆಯ ಬಗ್ಗೆ ಎಷ್ಟು ಪಾಠ ಕೇಳಿದ್ದರೂ ಹೊತ್ತಿಗೆ ಒಂದೂ ಬಾಯಿಗೆ ಬರುವುದಿಲ್ಲ.

ಆದರೆ ಜಲಜಕ್ಕ ಬೇರೆ ಪುಸ್ತಕ ಮುಟ್ಟದೆ ಸುಮ್ಮನೆ ಕೂತಿರಲಿಲ್ಲ. ಅದೇ ಕತೆಯನ್ನು ಮೊದಲಿನಿಂದ ಮತ್ತೆ ಓದುತ್ತಿದ್ದಳು, ಬೆರಳಿಟ್ಟು. ಆರನೆಯದೋ ಏಳನೆಯದೋ ವಾರ, ನಾವು ಸೇರಿದ ಕೂಡಲೇ ಫೋನು ಹಿಡಿದು ಬಂದು ನನ್ನ ಮೂಗಿನ ಕೆಳಗೆ ಇಟ್ಟಳು.

"ಹತ್ತೊಂಬತ್ತನೇದು. ಇಲ್ಲಿ ಓದಿ, ಜೋರಾಗಿ."

ಅದು ಡನ್‌ಮಾಲೋ ಭಾಗೀರಥಮ್ಮನ ರುಬ್ಬುವ ಮಿಶಿನ್ನಿನ ಸದ್ದು ಕೇಳುವ ಪ್ರಸಂಗ. ಓದಿದೆ: "ಡ್ರಮ್ಮಿಗೂ ಸ್ಕ್ರೇಪರಿಗೂ ನಡುವೆ ಒಂದು ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು ಇರಬೇಕು, ಮೇಡಂ. ಹೆಚ್ಚಾದರೆ ಮಿಶಿನ್ ಸೋಮಾರಿಯಾಗುತ್ತದೆ, ಕಡಿಮೆಯಾದರೆ ಅಳುತ್ತದೆ. ನಿಮ್ಮದು ಅಳುತ್ತಿದೆ. ಯಾರೋ ಒಳಗೆ ಕೈ ಹಾಕಿ ಹುಡುಕಿದ್ದಾರೆ."

"ಪೋಸ್ಟ್‌ಕಾರ್ಡ್!" ಎಂದಳು ಜಲಜಕ್ಕ. "ಈ ಮಾತು ನಾನು ನನ್ನ ಅಡಿಗೆಮನೆಯಲ್ಲಿ ಹತ್ತು ಸಲ ಕೇಳಿದ್ದೇನೆ. ಇಡೀ ಮುಂಬೈಯಲ್ಲಿ ಇದನ್ನು ಹೇಳುವ ಜನ ಒಬ್ಬನೇ ಇರುದು. ನಮ್ಮ ಮಿಶಿನ್ ರಿಪೇರಿ ಸದಾನಂದ!"

ನಾವು ಎಂಟು ಜನ ವಿದ್ಯಾವಂತೆಯರು ಆ ಸಾಲಿನ ಮೇಲೆ ಫಾಸ್ಟ್ ಟ್ರೇನಿನಂತೆ ಹಾದುಹೋಗಿದ್ದೆವು. ಬೆರಳಿಟ್ಟು ಓದಿದವಳು ಸಣ್ಣ ಸ್ಟೇಷನ್ನಿನಲ್ಲೂ ನಿಂತಿದ್ದಳು.

ಸದಾನಂದ ಎಂಬವರು ಹೋಟೆಲುಗಳ ರುಬ್ಬುವ ಮಿಶಿನ್ ರಿಪೇರಿಯ ಮೆಕ್ಯಾನಿಕ್. ಅವರ ಕಂಪನಿ ವಾಗ್ಳೆ ಎಸ್ಟೇಟಿನಲ್ಲಿ. ಎರಡು ತಿಂಗಳಿಂದ ಇತ್ತ ಬಂದಿರಲಿಲ್ಲ. ಜಲಜಕ್ಕ ಅಲ್ಲೇ ಫೋನ್ ಮಾಡಿ, ನೆಟ್ಟಗೆ ತಿರುಗುತ್ತಿದ್ದ ಮಿಶಿನ್ನಿನ ಮೇಲೆ ಸುಳ್ಳು ಕಂಪ್ಲೇಂಟ್ ಬರೆಸಿದಳು. "ಅವನೇ ಬರ್ಬೇಕು. ಬೇರೆ ಜನ ಕಳ್ಸಿದ್ರೆ ವಾಪಸ್ ಕಳಿಸ್ತೇನೆ."

ಮರುವಾರ ಮೂರೂವರೆಗೆ ಬಂದರು. ಐವತ್ತು ದಾಟಿದ, ತೆಳ್ಳನೆಯ, ಬೈಂದೂರು ಕಡೆಯ ಮನುಷ್ಯ. ಅಂಗಿಯ ಜೇಬಿನಲ್ಲಿ ಟೆಸ್ಟರು, ಬಗಲಲ್ಲಿ ಹೆಲ್ಮೆಟ್ಟು. ಅಡುಗೆಮನೆಗೆ ಹೋಗಹೊರಟವರನ್ನು ಜಲಜಕ್ಕ ಫ್ಯಾಮಿಲಿ ರೂಮಿಗೆ ತಿರುಗಿಸಿದಳು. ಒಂಬತ್ತು ಹೆಂಗಸರನ್ನು ಕಂಡು ಅವರು ಹೊಸಿಲಲ್ಲೇ ನಿಂತರು. ಕೂರಲು ಜಾಗ ಹುಡುಕಿ, ಸೋಫಾದ ಅಂಚಿಗೆ, ಅರ್ಧ ಮಾತ್ರ, ಕೂತರು. ಆ ಕೂತ ಭಂಗಿ ನೋಡಿಯೇ ನನಗೆ ಸಂಶಯ ಉಳಿಯಲಿಲ್ಲ.

"ಚೌಥಿ ಸೀಟ್ ನೀನೇ ಅಲ್ವಾ?" ಎಂದಳು ಜಲಜಕ್ಕ.

ಮನುಷ್ಯ ಬಿಳುಚಿಕೊಂಡರು. "ಕಂಪ್ನಿಗೆ ಹೇಳ್ಬೇಡಿ ಅಕ್ಕ. ಕೆಲ್ಸದ ಟೈಮಲ್ಲಿ ಒಂದಕ್ಷರ ಬರ್ದದ್ದಿಲ್ಲ, ದೇವ್ರಾಣೆ. ಎಲ್ಲ ರೈಲಿನಲ್ಲಿ."

"ಹಂಗಾರ ಬರಿಯೂದು ಯಾಕ ನಿಲ್ಲಿಸಿದ್ರಿ?" ಗುಡುಗಿದರು ಇಂದುಬಾಯಿ.

ನನ್ನಿಂದ ಇನ್ನು ತಡೆಯಲಾಗಲಿಲ್ಲ. ಸ್ಟೂಲಿನಿಂದ ಎದ್ದು ನಿಂತೆ. ಗಿಡ್ಡ ಕಾಲು ಟಕ್ ಎಂದಿತು. "ನನ್ನಿಂದ," ಎಂದೆ. "ಆ ಏಳು ಕೊಟ್ಟವಳು ನಾನು. ಐ ಆ್ಯಮ್ ವೆರಿ ಸಾರಿ. ಅವಮಾನ ಮಾಡಬೇಕೆಂದು ಕೊಟ್ಟದ್ದಲ್ಲ."

"ಅಗದೀ ಚೊಲೋ ಆತು!" ಎಂದು ಇಂದುಬಾಯಿ ಸೋಫಾಕ್ಕೆ ಒರಗಿದರು. "ಕಳ್ಳಿ ಇದ ಹಜಾರದಾಗ ಇದ್ದಳಲ್ಲ!"

ಸದಾನಂದ ನನ್ನ ಕಡೆ ತಿರುಗಿದರು. "ಅದು ನೀವಾ ಮೇಡಂ?" ಎಂದು ಗಡಿಬಿಡಿಯಲ್ಲಿ ಫೋನು ತೆಗೆದು ಒಂದು ಚಿತ್ರ ತೋರಿಸಿದರು. ನನ್ನ ಏಳು. ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದರು! "ಇದನ್ನ ಹೆಂಡ್ತಿಗೆ ತೋರ್ಸಿದೆ, ಅಣ್ಣನಿಗೆ ಊರಿಗೆ ಕಳ್ಸಿದೆ. ಶಾಲೆಯಲ್ಲಿ ನಂಗೆ ಮೂವತ್ತೈದರ ಮೇಲೆ ಯಾರೂ ಕೊಟ್ಟದ್ದಿಲ್ಲ ಮೇಡಂ. ಹತ್ತಕ್ಕೆ ಏಳು ಅಂದ್ರೆ ಎಪ್ಪತ್ತು ಪರ್ಸೆಂಟ್, ಫಸ್ಟ್ ಕ್ಲಾಸ್! ಹೂವು, ಹೃದಯ ಎಲ್ಲ ಜನ ಎಲ್ರಿಗೂ ಹಾಕ್ತಾರೆ. ಮಾರ್ಕ್ ಹಾಕ್ಬೇಕಾದ್ರೆ ಕೂತು ಓದಿರ್ಬೇಕಲ್ಲ?"

ನನ್ನ ಎದೆಯ ಮೇಲಿಂದ ಯಾರೋ ಹೋಟೆಲಿನ ರುಬ್ಬುಗುಂಡನ್ನೇ ಎತ್ತಿದ ಹಾಗಾಯಿತು. ಏಳರ ಬೆಲೆ ಗೊತ್ತಿದ್ದ ಇನ್ನೊಬ್ಬ ಮನುಷ್ಯ ಭೂಮಿಯ ಮೇಲಿದ್ದ, ಅದೂ ಡೊಂಬಿವಲಿಯ ಆಸುಪಾಸಿನಲ್ಲಿ. ಮುಖ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡೆ.

"ಮತ್ತೆ ನಿಲ್ಲಿಸಿದ್ದೇಕೆ?" ಎಂದೆ.

"ಪ್ರಮೋಷನ್ ಆಯ್ತು ಮೇಡಂ," ಎಂದರು, ದುಃಖದಿಂದ. "ಮುಂಚೆ ಡೊಂಬಿವಲಿಯಿಂದ ಠಾಣೆಗೆ ಬೆಳಿಗ್ಗೆ ಸ್ಲೋ ಗಾಡಿ. ನಮ್ಮ ಗ್ರೂಪಿನವ್ರು ನಂಗೆ ಚೌಥಿ ಸೀಟ್ ಇಡ್ತಿದ್ರು. ಅಲ್ಲಿ ಕೂತು ಬರೀತಿದ್ದೆ. ಈಗ ಘಣಸೋಲಿ ಬ್ರಾಂಚಿಗೆ ಹಾಕಿ, ಅಲ್ಲೇ ರೂಮ್ ಕೊಟ್ಟು, ಸ್ಕೂಟರ್ ಕೊಟ್ರು. ಸ್ಕೂಟರ್ ಬಿಡ್ತಾ ಕತೆ ಬರ್ದ್ರೆ ಇನ್‌ಸ್ಪೆಕ್ಟರ್ ಬರೂದು ನನ್ನ ಪಂಚನಾಮೆಗೆ. ಮನೇಲಿ ಬರಿಯುವಾ ಅಂದ್ರೆ ಇರೂದು ಒಂದೇ ರೂಮು. ಟಿವಿಯಲ್ಲಿ ಭಾಗೀರಥಮ್ಮನೇ ಕೂತಿರ್ತಾಳೆ. ಅವಳ ಎದುರೇ ಅವಳ ಸಂಗ್ತಿ ಹ್ಯಾಂಗೆ ಬರೀಲಿ?"

ಡನ್‌ಮಾಲೋ ಎಲ್ಲಿ ಸಿಕ್ಕಿದ ಎಂದು ಕೇಳಿದೆ. ಸ್ಟೇಷನ್ ಪಕ್ಕದ ರದ್ದಿ ಅಂಗಡಿಯಲ್ಲಂತೆ, ಮರಾಠಿಯಲ್ಲಿ. ಇಂಗ್ಲಿಷ್ ಪತ್ತೇದಾರನನ್ನು ಮರಾಠಿಯಲ್ಲಿ ಓದಿ, ಹೆಂಡತಿಯ ಸೀರಿಯಲ್ಲಿಗೆ ಸೇರಿಸಿ, ಕನ್ನಡದಲ್ಲಿ ಬರೆದ ಮನುಷ್ಯ! ಎದ್ದು ಹೊರಟವರು ಬಾಗಿಲಲ್ಲಿ ಅನುಮಾನಿಸುತ್ತಾ ಕೇಳಿದರು. "ಮೇಡಂ, ಒಂದು ಮಾತು. ಉಳಿದ ಮೂರು ಎಲ್ಲಿ ಹೋಯ್ತು?"

ಅಪ್ಪ ಪಾಯಸದ ಬಟ್ಟಲು ಹಿಡಿದು ಎದುರು ನಿಂತ ಹಾಗಾಯಿತು. ಆ ಪ್ರಶ್ನೆಗೆ ಅರುವತ್ತು ವರ್ಷದಿಂದ ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಕ್ಷಣ ಬಂತು. "ನೀವು ಇನ್ನೂ ಮುಗಿಸಿಲ್ಲವಲ್ಲ!" ಎಂದೆ.

ಜಲಜಕ್ಕ ತಕ್ಷಣ ಮುಂದೆ ಬಂದಳು. "ಸದಾನಂದ, ಮುಂದಿನ ಮಂಗಳವಾರ ನಮ್ಮ ಮಿಶಿನ್ ಹಾಳಾಗ್ತದೆ."

"ಈಗ ಸರಿ ಉಂಟಲ್ಲ ಅಕ್ಕ?"

"ಹಾಳಾಗ್ತದೆ ಅಂದೆ. ಅದರ ಮುಂದಿನ ಮಂಗಳವಾರವೂ. ಸ್ಕೂಟರಲ್ಲಿ ಬರ್ಬೇಡ, ಶಿಳ್‌ಫಾಟಾ ರಸ್ತೆ ಕೆಟ್ಟದುಂಟು. ರೈಲಲ್ಲಿ ಬಾ. ಕೂತ್ಕೊಂಡು ಬಾ."

ಹೀಗೆ ನಮ್ಮ ಊರಿನ ಅತ್ಯಂತ ಆರೋಗ್ಯವಂತ ರುಬ್ಬುವ ಮಿಶಿನ್ನು ಮೂರು ಮಂಗಳವಾರ ಸತತವಾಗಿ ಕಾಯಿಲೆ ಬಿತ್ತು. ಮೂವತ್ತೆರಡು ಬಂತು, ಮೂವತ್ತಮೂರು ಬಂತು. ಆಮೇಲೆ ಕೊನೆಯದು. ವಂಕಿಯನ್ನು ಯಾರೂ ಕದ್ದಿರಲಿಲ್ಲ. ಭಾಗೀರಥಮ್ಮನೇ ಅದನ್ನು ಏಳನೇ ಸೊಸೆಗೆ ಕೊಟ್ಟು ಮರೆತಿದ್ದಳು. ಮನೆಯೊಡತಿಗೆ ಮರೆವು ಶುರುವಾಗಿದೆ ಎಂದು ಏಳೂ ಸೊಸೆಯರಿಗೆ ಗೊತ್ತು. ಅದು ಅವಳಿಗೆ ಗೊತ್ತಾಗದಿರಲಿ ಎಂದು ಏಳೂ ಜನ ಕಳ್ಳಿಯರೆನಿಸಿಕೊಳ್ಳಲು ತಯಾರಾಗಿ ಬಾಯಿ ಮುಚ್ಚಿಕೊಂಡಿದ್ದಾರೆ. ಇದನ್ನು ಏಳು ಲೋಟ ಸಾರಿನಲ್ಲೇ ಅರಿತಿದ್ದ ಡನ್‌ಮಾಲೋ ತುಂಬಿದ ಹಜಾರದಲ್ಲಿ ಮೊದಲ ಬಾರಿಗೆ ಕೋಟಿನ ಗುಂಡಿ ಬಿಚ್ಚುತ್ತಾನೆ, ಒಳಜೇಬಿನಿಂದ ವಂಕಿ ತೆಗೆಯುತ್ತಾನೆ, "ಕ್ಷಮಿಸಿ ಮೇಡಂ, ಕಳ್ಳ ನಾನೇ" ಎಂದು ಜನ್ಮದ ಮೊದಲ ಸುಳ್ಳು ಹೇಳುತ್ತಾನೆ. ಭಾಗೀರಥಮ್ಮನ ಹುಬ್ಬು ಇಳಿಯುತ್ತದೆ.

ಜಲಜಕ್ಕ ಅದನ್ನು ಓದಿ ಮುಗಿಸಲು ನಾಲ್ಕು ದಿನ ತೆಗೆದುಕೊಂಡಳು, ಅಳು ಬಂದು ಕನ್ನಡಕ ಒರೆಸಬೇಕಾದ್ದರಿಂದ. ಆಮೇಲೆ ಬಳಗದಲ್ಲಿ ಎದ್ದು ನಿಂತು "ಮುಗಿಸಿದೆ" ಎಂದಳು. ನಾನು ಸ್ಟೂಲಿನಿಂದ ಇಳಿದೆ. ಈಗ ಅದರ ಮೇಲೆ ಅವಳೇ ಕೂತಿದ್ದಾಳೆ, ತಾನೇ ಹುಡುಕಿದ ಇನ್ನೊಂದು ಕತೆಗೆ ಹೊಣೆ ನಿಂತು. ಇಂದುಬಾಯಿ ಅದರಲ್ಲೂ ಎರಡು ಅಧ್ಯಾಯ ಮುಂದಿದ್ದಾರೆ, ತಪ್ಪು ಹುಡುಕಲಿಕ್ಕೆ. ಸದಾನಂದರಿಗೆ ಕಂಪನಿಯವರು ಪನವೇಲಿನ ಆಚೆಯ ಹೋಟೆಲುಗಳನ್ನು ವಹಿಸಿದ್ದಾರಂತೆ, ಈ ಕಡೆ ಬರುವುದಿಲ್ಲ. ಕೊನೆಯ ಅಧ್ಯಾಯದ ಕೆಳಗೆ ನಾನು "ಹತ್ತಕ್ಕೆ ಎಂಟು" ಎಂದು ಬರೆದೆ. ಎಂಟರ ಸದ್ದು ಕೇಳೋಣವೆಂದು ಒಂದು ಕಾಗದದ ಮೇಲೂ ಕೆಂಪು ಪೆನ್ಸಿಲ್ಲಿನಲ್ಲಿ ಬರೆದು ನೋಡಿದೆ. ಅಂಥ ವಿಶೇಷವೇನಿಲ್ಲ, ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತದೆ. ಉಳಿದ ಎರಡು ಎಲ್ಲಿ ಹೋಯಿತು ಎಂದು ಅವರು ಈ ಸಲ ಕೇಳಲಿಲ್ಲ. ಕೇಳಿದ್ದರೆ ನನ್ನದೊಂದು ಗುಟ್ಟು ಒಪ್ಪಿಕೊಳ್ಳಬೇಕಾಗಿ ಪೇಚಾಗುತ್ತಿತ್ತು.

ಯಾಕೆಂದರೆ ಆ ಕೊನೆಯ ಅಧ್ಯಾಯ ಎಲ್ಲಿ ಬರೆದದ್ದು ಎಂದು ನನಗೊಬ್ಬಳಿಗೇ ಗೊತ್ತು. ಮೂರನೇ ಮಂಗಳವಾರ ಬಳಗ ಮುಗಿಸಿ ಮಗಳ ಮನೆಗೆಂದು ಠಾಣೆಗೆ ಹೊರಟಿದ್ದೆ. ಲೇಡೀಸ್ ಡಬ್ಬಿಯಲ್ಲಿ ಕೂತು, ನಡುವಿನ ಜಾಲರಿಯಿಂದ ಆಚೆ ನೋಡಿದರೆ ಜನರಲ್ ಡಬ್ಬಿಯಲ್ಲಿ ಸದಾನಂದ. ಸಂಜೆ ಮುಂಬೈ ಕಡೆ ಹೋಗುವ ಗಾಡಿ, ಸೀಟುಗಳೆಲ್ಲ ಖಾಲಿ. ಇಡೀ ಸೀಟು ಬಿಟ್ಟು ಅವರು ಮಾತ್ರ ಅಂಚಿನಲ್ಲಿ, ಅರ್ಧ ಕೂತಿದ್ದರು. ತಲೆ ತಗ್ಗಿಸಿ, ಹೆಬ್ಬೆರಳು ಓಡಿಸುತ್ತಾ. ದಿವಾ ಹೋಯಿತು, ಮುಂಬ್ರಾ ಹೋಯಿತು, ಕಳವಾ ಹೋಯಿತು. ಠಾಣೆ ಬಂತು. ಘಣಸೋಲಿಯ ಗಾಡಿಗೆ ಅವರು ಅಲ್ಲಿ ಇಳಿಯಬೇಕು. ಅವರು ಕತ್ತೆತ್ತಲಿಲ್ಲ. ನಾನು ಎದ್ದೆ, ಜಾಲರಿಗೆ ಬಾಯಿಟ್ಟೆ. ಸದಾನಂದ, ಠಾಣೆ ಬಂತು ಎನ್ನಲು ಎರಡು ಸೆಕೆಂಡು ಸಾಕು. ಸತ್ಯ ಹೇಳಬೇಕು, ನೆರೆಯವರಿಗೆ ನೆರವಾಗಬೇಕು ಎಂದು ಹತ್ತು ವರ್ಷ ಕಲಿತವಳು, ಕತೆ ಮುಗಿಯಲಿ ಎಂದು ತುಟಿ ಬಿಗಿದುಕೊಂಡು ಪ್ಲಾಟ್‌ಫಾರ್ಮಿಗೆ ಇಳಿದೆ. ಗಾಡಿ ಹೊರಟಿತು. ಅವರ ಕಿಟಕಿ ನನ್ನೆದುರು ಹಾದು ಮುಂದಿನ ಸ್ಟೇಷನ್ ಮುಲುಂಡಿನ ಕಡೆಗೆ ಹೋಯಿತು. ಬಗ್ಗಿದ ತಲೆ, ಓಡುತ್ತಿದ್ದ ಹೆಬ್ಬೆರಳು. ನಾನು ಅವರನ್ನು ಕೊನೆಯ ಸಲ ಕಂಡದ್ದು ಹಾಗೆ.